ದಾಸವಾಳ ಲಗತ್ತಿಸಿದ್ದೇನೆ

ಫೋನಿನ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಕ್ಲಿಪ್ಪಿನ ಗುರುತು ಇರುತ್ತದೆ, ನೀವು ನೋಡಿರುತ್ತೀರಿ. ಕಾಗದಗಳನ್ನು ಸೇರಿಸಿ ಹಿಡಿಯುವ ತಂತಿಯ ಕ್ಲಿಪ್ಪು. ಬೇರೆಯವರಿಗೆ ಚೇಳು ಕಂಡರೆ ಆಗುವುದು ನನಗೆ ಅಷ್ಟು ಸಣ್ಣ ತಂತಿ ಕಂಡರೆ ಆಗುತ್ತದೆ. ಚೇತೂ, ನೀನು ಸುತ್ತೂರಿನ ಹಾಸ್ಟೆಲಿನಿಂದ ದಸರಾ ರಜೆಗೆ ಬಂದವನೇ ಹಿತ್ತಲಿಗೆ ಓಡಿ, "ಅಜ್ಜೀ, ಬಾಳೆಬುಡ ಎಲ್ಲಿ?" ಎಂದು ಕೂಗಿದೆಯಲ್ಲ, ಆಗ ನಾನು ಕೇಳಿಸದವಳ ಹಾಗೆ ಒಳಗೆ ಹೋಗಿ ರೊಟ್ಟಿ ತಟ್ಟುತ್ತಾ ಕೂತೆ. ಎದುರಿಗೆ ನಿಂತು ಹೇಳುವುದು ನನ್ನ ಕೈಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅಕ್ಕ ಸಹನಾಳಿಗೆ ಇದರಲ್ಲಿ ಅರ್ಧ ಗೊತ್ತು. ಉಳಿದರ್ಧವನ್ನು ಅವಳೂ ಓದಲಿ.

ನಾನು ಓದಿದ್ದು ತಿರುಮಕೂಡಲು ನರಸೀಪುರದ ಆಚೆ, ನಮ್ಮೂರಿನ ಒಂದೇ ಕೋಣೆಯ ಶಾಲೆಯಲ್ಲಿ. ಅಲ್ಲಿ ಕ್ಲಿಪ್ಪೂ ಇರಲಿಲ್ಲ, ಗುಂಡುಸೂಜಿಯೂ ಇರಲಿಲ್ಲ. ಎರಡು ಹಾಳೆ ಸೇರಿಸಬೇಕೆಂದರೆ ಜಾಲಿಮುಳ್ಳು. ಪರೀಕ್ಷೆಯ ದಿನ ಮೇಷ್ಟ್ರು ಹುಡುಗಿಯರನ್ನೆಲ್ಲ ಬೇಲಿಯ ಹತ್ತಿರ ಕಳಿಸುತ್ತಿದ್ದರು. ಹಸಿ ಮುಳ್ಳು ಬಾಗುತ್ತದೆ, ತೀರಾ ಒಣಗಿದ್ದು ಮುರಿಯುತ್ತದೆ, ನಡುವಿನದನ್ನು ಆರಿಸಿ ತರಬೇಕು. ಮೇಷ್ಟ್ರು ಅದನ್ನು ಹಾಳೆಗೆ ಚುಚ್ಚಿ ಆಚೆ ತೆಗೆದು ಮತ್ತೆ ಈಚೆ ಚುಚ್ಚುವಾಗ ನಾವೆಲ್ಲ ಉಸಿರು ಹಿಡಿದು ನೋಡುತ್ತಿದ್ದೆವು. ಒಮ್ಮೆ ಇನ್ಸ್‌ಪೆಕ್ಟರು ಬಂದು ನನ್ನ ಉತ್ತರಪತ್ರಿಕೆ ಎತ್ತಿಕೊಂಡು ಹೆಬ್ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡರು. ರಕ್ತದ ಒಂದು ಹನಿ ನನ್ನ ಲೆಕ್ಕದ ಮೇಲೆ ಬಿತ್ತು. ನಾನು ಬೆಂಚಿನ ಕೆಳಗೆ ಸೇರಿಕೊಂಡುಬಿಟ್ಟೆ. ಎಷ್ಟು ಕರೆದರೂ ಹೊರಗೆ ಬರಲಿಲ್ಲವಂತೆ. ನನ್ನ ಸ್ವಭಾವ ಆವತ್ತಿನಿಂದ ಹೆಚ್ಚೇನೂ ಬದಲಾಗಿಲ್ಲ. ಮದುವೆಯಾಗಿ ನಂಜನಗೂಡಿಗೆ ಬಂದ ಮೇಲೂ ನೆಂಟರು ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮಾತಾಡುತ್ತಿದ್ದೆ. "ಮನೆಗೆ ಬಂದವರು ಬಾಗಿಲಿಗೆ ಬಾಯಿ ಬಂದಿದೆ ಅಂದುಕೊಂಡಾರು," ಎಂದು ನಿಮ್ಮ ತಾತ ರೇಗಿಸುತ್ತಿದ್ದರು.

ಇಂಥವಳನ್ನು ಸಹನಾ ನೇರ ನಾಲ್ಕು ಜನರ ನಡುವೆ ತಂದು ಕೂರಿಸಿದಳು.

ಹಿತ್ತಲಿನ ಬಾಳೆ ನಿಮ್ಮ ತಾತ ನೆಟ್ಟದ್ದು. ರಸಬಾಳೆ. ಬಸ್ ಡಿಪೋದಲ್ಲಿ ದಿನವಿಡೀ ಗ್ರೀಸು ಮೆತ್ತಿಕೊಂಡು ಬಂದು, ಬಚ್ಚಲ ನೀರು ಬುಡಕ್ಕೆ ಹರಿಯುವಂತೆ ಕಾಲುವೆ ತೆಗೆದವರು ಅವರೇ. ಗೊನೆ ಬಲಿತರೆ ಅಕ್ಕಿಮೂಟೆಯ ಪಕ್ಕ ಗೋಣಿ ಹೊದಿಸಿ ಮಲಗಿಸುತ್ತಿದ್ದರು. ಹಣ್ಣಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಬೀದಿ ತಿರುವಿನಲ್ಲೇ ವಾಸನೆ ಬರುತ್ತಿತ್ತು. ಅವರು ಹೋದ ಮೇಲೂ ಬುಡ ಮರಿ ಹಾಕುತ್ತಲೇ ಇತ್ತು. ಈ ವರ್ಷ ಶ್ರಾವಣ ಕಳೆಯುವ ಹೊತ್ತಿಗೆ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗತೊಡಗಿದವು.

ಅದೇ ವಾರ ನನ್ನ ತಮ್ಮ, ನಿಮ್ಮ ರಾಜುತಾತ, ನರಸೀಪುರದ ಕಡೆಯಿಂದ ಫೋನು ಮಾಡಿದ್ದ. ಭತ್ತದ ಗದ್ದೆಯ ಮೇಲಿನ ತುಂಡನ್ನು ಬಾಳೆಗೆ ಹದ ಮಾಡಿದ್ದೇನೆ, ನಿನ್ನ ಹಿತ್ತಲಿನ ರಸಬಾಳೆ ಕಂದುಗಳನ್ನೇ ನೆಡಬೇಕು ಎಂದ. ಕಂದು ಎಂದರೆ ಬುಡದಿಂದ ಏಳುವ ಮರಿಗಿಡ. ನನಗಾದ ಹಿಗ್ಗು ನಿಮಗೆ ಅರ್ಥವಾಗಬೇಕಾದರೆ ಒಂದು ಮಾತು ಹೇಳಬೇಕು. ನನ್ನ ಜೀವಮಾನವಿಡೀ ತವರುಮನೆಯವರು ಕೊಟ್ಟಿದ್ದಾರೆ, ನಾನು ಇಸಿದುಕೊಂಡಿದ್ದೇನೆ. ನಿಮ್ಮ ತಾತ ಹೋದ ಮೇಲೆ ಗೌರಿ ಹಬ್ಬದ ಬಾಗಿನ ನಿಂತಿತು. ಆದರೆ ರಾಜು ಅದೇ ದಿನ ಒಂದು ಚೀಲ ಹೊಸ ಅಕ್ಕಿ ತಂದು ಇಳಿಸುವುದನ್ನು ನಿಲ್ಲಿಸಲಿಲ್ಲ. ಅಂಥ ತಮ್ಮ ಮೊದಲ ಸಲ ನನ್ನನ್ನು ಏನೋ ಕೇಳಿದ್ದ. "ಬಾ ಕಣ್ಲಾ, ಎಷ್ಟ್ ಬೇಕೋ ತಗಂಡೋಗು," ಎಂದುಬಿಟ್ಟೆ. ಎಲೆ ಹಳದಿಯಾದದ್ದು ಆಮೇಲೆ ನೆನಪಾಯಿತು.

ನನ್ನ ಮುಖ ನೋಡಿ ಸಹನಾ ಕಾರಣ ಕೇಳಿದಳು. ಕೇಳಿದವಳೇ ಫೋನಿನಲ್ಲಿ ಒಂದು ಚರ್ಚಾಕಟ್ಟೆ ತೆರೆದು ತೋರಿಸಿದಳು. ಹಿತ್ತಲಲ್ಲಿ ಗಿಡ ಬೆಳೆಯುವವರು ಕನ್ನಡದಲ್ಲಿ ಬರೆದುಕೊಳ್ಳುವ ಜಾಗ. ಒಬ್ಬರು ಪ್ರಶ್ನೆ ಹಾಕುತ್ತಾರೆ, ಗೊತ್ತಿದ್ದವರು ಅದರ ಕೆಳಗೆ ಉತ್ತರ ಬರೆಯುತ್ತಾರೆ. ನನಗೆ "ನಂಜನಗೂಡಿನಜ್ಜಿ" ಎಂದು ಹೆಸರಿಟ್ಟಳು. ಮೊದಮೊದಲು ನಾನು ಬರಿದೇ ಓದುತ್ತಿದ್ದೆ, ಬಾಗಿಲ ಹಿಂದೆ ನಿಂತ ಹಾಗೆ. ಕೊನೆಗೆ ಧೈರ್ಯ ಮಾಡಿ ಬಾಳೆಯ ವಿಷಯ ಬರೆದೆ. ಸಹನಾ ಆ ಕ್ಲಿಪ್ಪು ಒತ್ತುವುದನ್ನು ತೋರಿಸಿ ಎಲೆಯ ಫೋಟೋ ಸೇರಿಸಿದಳು.

"ಇದನ್ನ ಅಟ್ಯಾಚ್‌ಮೆಂಟ್ ಅಂತಾರೆ ಅಜ್ಜಿ. ಕನ್ನಡದಲ್ಲಿ ಲಗತ್ತು."

"ಹೋದ್ಮೇಲೆ ನಮ್ ಫೋನಲ್ಲಿ ಫೋಟೋ ಇರಾಕಿಲ್ವಾ?"

"ಇರತ್ತೆ. ಅಲ್ಲೂ ಇರತ್ತೆ, ಇಲ್ಲೂ ಇರತ್ತೆ."

ನಾನು ನಂಬಲಿಲ್ಲ. ಕೊಟ್ಟ ಮೇಲೆ ಕೈಯಲ್ಲಿ ಉಳಿಯುವುದು ಹೇಗೆ? ಅವಳು ಕಾಲೇಜಿಗೆ ಹೋದ ಮೇಲೆ ಫೋನು ತೆರೆದು ನೋಡಿದೆ. ಎಲೆ ಅಲ್ಲೇ ಇತ್ತು. ಮೈ ಜುಮ್ಮೆಂದಿತು.

ಸ್ವಲ್ಪ ಹೊತ್ತಿಗೆ ಉತ್ತರಗಳು ಬರತೊಡಗಿದವು. "ಮಲ್ಲಿಗೆಹಂಬು" ಎಂಬ ಹೆಸರಿನ ಹೆಂಗಸೊಬ್ಬರು ಬೇವಿನ ಹಿಂಡಿ ಹಾಕಿ ನೋಡಿ ಎಂದರು. ಮತ್ತೊಬ್ಬರು ನೀರು ಕಡಿಮೆ ಮಾಡಿ ಎಂದರು. ಇವರಿಗೆಲ್ಲ ನಾನು ಏನು ಕೊಡಲಿ?

ನಮ್ಮೂರಿನಲ್ಲಿ ಪಕ್ಕದ ಮನೆಯಿಂದ ಮಜ್ಜಿಗೆಯ ಚೊಂಬು ಬಂದರೆ ಅದನ್ನು ಬರಿದಾಗಿ ವಾಪಸು ಕಳಿಸುವ ವಾಡಿಕೆ ಇರಲಿಲ್ಲ. ಒಂದು ಹಿಡಿ ಅವರೆಕಾಯಿ, ನಾಲ್ಕು ಎಸಳು ಕರಿಬೇವು, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ನಮ್ಮವ್ವ ಒಂದು ಸಲ ಮನೆಯಲ್ಲಿ ಏನೂ ಸಿಗದೆ ಚೊಂಬಿನಲ್ಲಿ ಕಣಗಿಲೆ ಹೂ ಹಾಕಿ ಕಳಿಸಿದ್ದಳು. ಆಕಡೆಯಾಕೆ ಅದನ್ನು ಮುಡಿದುಕೊಂಡು ಬಂದು ತೋರಿಸಿದ್ದಳು. ಅಂಥ ಮನೆಯಿಂದ ಬಂದ ನಾನು ಮಲ್ಲಿಗೆಹಂಬಿಗೆ "ಧನ್ಯವಾದ" ಎಂಬ ಒಣ ಮಾತು ಬರೆದು ಸುಮ್ಮನಿರುವುದು ಹೇಗೆ? ಬೆಳಿಗ್ಗೆ ಅರಳಿದ ದಾಸವಾಳದ ಫೋಟೋ ತೆಗೆದೆ. ಕ್ಲಿಪ್ಪು ಒತ್ತಿದೆ. "ನಿಮ್ಮ ಸಲಹೆ ತಲುಪಿತು. ದಾಸವಾಳ ಲಗತ್ತಿಸಿದ್ದೇನೆ," ಎಂದು ಬರೆದೆ.

ಆಮೇಲೆ ಅದೇ ರೂಢಿಯಾಯಿತು. ನೀರು ಕಡಿಮೆ ಮಾಡಿ ಎಂದವರಿಗೆ ನಮ್ಮ ಬಾಗಿಲ ರಂಗೋಲಿ. ಬೂದಿ ಹಾಕಿ ಎಂದವರಿಗೆ ಆವತ್ತಿನ ಹುರುಳಿಸಾರು. ಬರೀ "ಸರಿ" ಎಂದವರಿಗೂ ಪಕ್ಕದ ಮನೆಯ ಕರು. ನನ್ನ ಬಾಳೆಗೆ ಸಂಬಂಧವಿಲ್ಲದ ಬೇರೆ ಚರ್ಚೆಗಳಿಗೂ ಹೋಗಿ, ಅಲ್ಲಿ ಒಳ್ಳೆಯ ಮಾತು ಕಂಡರೆ ಒಂದು ನಿಂಬೆಹಣ್ಣು ಇಟ್ಟು ಬರುತ್ತಿದ್ದೆ.

ಒಂದು ಮಧ್ಯಾಹ್ನ ರಂಗೋಲಿಯ ಕೆಳಗೆ ಯಾರೋ ಬರೆದರು: "ಚೆನ್ನಾಗಿದೆ ಅಮ್ಮಾ. ಫೋಟೋದ ಮೂಲೆಯಲ್ಲಿ ನಿಮ್ಮ ಕಾಲೂ ಬಂದಿದೆ."

ನನ್ನ ಕೈಯಿಂದ ಫೋನು ಮಡಿಲಿಗೆ ಬಿತ್ತು. ಹೌದು, ನನ್ನ ಕಾಲೇ. ಒಡೆದ ಹಿಮ್ಮಡಿ, ಸೀರೆಯ ಅಂಚು, ಎಲ್ಲ ನಿಚ್ಚಳ. ಯಾವ ಊರಿನ ಯಾವ ಗಂಡಸರು ಇದನ್ನು ನೋಡಿರಬಹುದು! ಆವತ್ತೆಲ್ಲ ಕಾಲು ಮಡಚಿ ಸೀರೆಯೊಳಗೆ ಎಳೆದುಕೊಂಡೇ ಕೂತಿದ್ದೆ. ನಿಮ್ಮಮ್ಮ ಕೆಲಸದಿಂದ ಬಂದವಳು, "ಅತ್ತೆ, ಮಂಡಿ ನೋವಾ?" ಎಂದು ಕೇಳಿದಳು.

ನಿಜವಾದ ಆಘಾತ ಬಂದದ್ದು ಶನಿವಾರ. ಭಾನುವಾರ ರಾಜು ಬರುವವನಿದ್ದ. ಅಷ್ಟರಲ್ಲಿ ಎಲೆಗಳೆಲ್ಲ ಜೋತುಬಿದ್ದು ಬಾಳೆಗೆ ಲಂಗ ಉಡಿಸಿದ ಹಾಗೆ ಕಾಣುತ್ತಿತ್ತು. "ಹಸಿರುಟೋಪಿ" ಎಂಬ ಹೆಸರಿನವರು, ಬಾಳೆಯ ವಿಷಯ ತಿಳಿದವರು, ನನ್ನ ಪ್ರಶ್ನೆಯ ಕೆಳಗೆ ಬರೆದಿದ್ದರು: "ಅಮ್ಮಾ, ಎಲೆ ನೋಡಿದರೆ ಸಾಲದು. ಒಂದು ಗಿಡದ ದಿಂಡನ್ನು ಬುಡದಲ್ಲಿ ಅಡ್ಡಕ್ಕೆ ಕತ್ತರಿಸಿ ಒಳಭಾಗದ ಚಿತ್ರ ಹಾಕಿ. ಅಲ್ಲಿಯವರೆಗೆ ಕಂದನ್ನು ಯಾರಿಗೂ ಕೊಡಬೇಡಿ."

ನಿಮ್ಮಪ್ಪ ತಾಂಡವಪುರದ ಫ್ಯಾಕ್ಟರಿಯಿಂದ ಬಂದು ದಿಂಡು ಕಡಿದುಕೊಟ್ಟ. ಫೋಟೋ ತೆಗೆದೆ. ಕ್ಲಿಪ್ಪು ಒತ್ತಿದೆ. ಹೋಗಲಿಲ್ಲ. ಮತ್ತೆ ಒತ್ತಿದೆ. ಕೆಂಪು ಅಕ್ಷರದಲ್ಲಿ ಏನೋ ಬಂತು. ಅದರ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, ಕಟ್ಟೆಯನ್ನು ನೋಡಿಕೊಳ್ಳುವವರು ಬರೆದಿದ್ದರು:

"ನಂಜನಗೂಡಿನಜ್ಜಿ ಅವರೇ, ಚರ್ಚೆಗೆ ಸಂಬಂಧವಿಲ್ಲದ ಲಗತ್ತುಗಳನ್ನು ಹಾಕಬೇಡಿ. ಒಬ್ಬ ಸದಸ್ಯರಿಗೆ ಕೊಟ್ಟಿರುವ ಜಾಗ ನಿಮ್ಮದು ಪೂರ್ತಿ ತುಂಬಿದೆ. ಹಳೆಯದನ್ನು ತೆಗೆದರೆ ಮಾತ್ರ ಹೊಸದು ಹಾಕಬಹುದು."

ಮೇಷ್ಟ್ರಿಂದ ಒಂದು ಏಟೂ ತಿನ್ನದವಳಿಗೆ ಈ ವಯಸ್ಸಿನಲ್ಲಿ, ಇಷ್ಟು ಜನರ ಎದುರಿಗೆ. ಬೆಂಚು ಇದ್ದಿದ್ದರೆ ಅದರ ಕೆಳಗೆ ಸೇರುತ್ತಿದ್ದೆ. ಸಹನಾ ಓದಿ ನಗಲು ಶುರು ಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ಅಜ್ಜಿ, ಎಲ್ಲಾ ರಿಪ್ಲೈಗೂ ಒಂದೊಂದು ಫೋಟೋ ಹಾಕಿದ್ದೀಯಲ್ಲ, ಯಾಕೆ?"

"ಬರೀ ಕೈಲಿ ಎಂಗೆ ಕಳ್ಸಾದು?"

"ಕರು ಯಾಕೆ?"

"ಆವತ್ತು ಹೂ ಇರ್ಲಿಲ್ಲ."

ಅವಳು ಸೆರಗಿನಲ್ಲಿ, ಅಲ್ಲ, ದುಪ್ಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಹೇಳಿದಳು: "ಡಿಲೀಟ್ ಮಾಡೋಣ ಬಾ. ಎರಡು ನಿಮಿಷದ ಕೆಲಸ."

ಡಿಲೀಟ್ ಎಂದರೆ ತೆಗೆದುಬಿಡುವುದು. ಕೊಟ್ಟದ್ದನ್ನು ಹೋಗಿ ವಾಪಸು ಎತ್ತಿಕೊಂಡು ಬರುವುದು. ಈ ಹುಡುಗಿ ಎಷ್ಟು ಸಲೀಸಾಗಿ ಹೇಳುತ್ತಾಳೆ ಎಂದು ನಾನು ಅವಳ ಬಾಯನ್ನೇ ನೋಡಿದೆ. ನಮ್ಮವ್ವ ಆ ಕಣಗಿಲೆಯನ್ನು ಆಕಡೆಯಾಕೆಯ ತಲೆಯಿಂದ ಕಿತ್ತುಕೊಂಡು ಬಂದ ಹಾಗಲ್ಲವೇ? ಆದರೆ ಬೆಳಗಾದರೆ ರಾಜು ಬಂದುಬಿಡುತ್ತಾನೆ. ಬಾಳೆಯೊಳಗೆ ಏನಿದೆ ಎಂದು ತಿಳಿಯದೆ ಅವನ ಚೀಲಕ್ಕೆ ಏನು ತುಂಬಲಿ?

ಕೇಳದೆ ತೆಗೆಯಲು ಮನಸ್ಸು ಬರಲಿಲ್ಲ. ಫೋಟೋ ಕೊಟ್ಟಿದ್ದ ಒಬ್ಬೊಬ್ಬರಿಗೂ ಬರೆದೆ. "ಜಾಗ ಸಾಲದ ಕಾರಣ ನಿಮಗೆ ಕೊಟ್ಟಿದ್ದ ದಾಸವಾಳವನ್ನು ವಾಪಸು ತೆಗೆದುಕೊಳ್ಳಬೇಕಾಗಿದೆ. ತಪ್ಪು ತಿಳಿಯಬಾರದು." "ನಿಮ್ಮ ಹುರುಳಿಸಾರನ್ನು ತೆಗೆಯಲು ಅಪ್ಪಣೆ ಕೊಡಬೇಕು." ಸಹನಾ ಗೋಡೆಗೆ ಒರಗಿ, ಕಣ್ಣು ಮುಚ್ಚಿ, "ದೇವರೇ, ದೇವರೇ," ಎನ್ನುತ್ತಿದ್ದಳು.

ಮಲ್ಲಿಗೆಹಂಬು ಉತ್ತರ ಕೊಟ್ಟರು: "ತೆಗೆಯಿರಿ ಅಮ್ಮಾ. ನಾನು ಆಗಲೇ ನನ್ನ ಫೋನಿಗೆ ಇಳಿಸಿಕೊಂಡಿದ್ದೇನೆ. ನೀವು ತೆಗೆದರೂ ದಾಸವಾಳ ನನ್ನ ಹತ್ತಿರ ಇರುತ್ತದೆ." ಹುರುಳಿಸಾರಿನವರು, "ಸಾರು ಮುಗಿದಿದೆ, ಪಾತ್ರೆ ತೆಗೆದುಕೊಂಡು ಹೋಗಿ," ಎಂದು ಬರೆದರು. ಕಟ್ಟೆ ನೋಡಿಕೊಳ್ಳುವವರು ಕೂಡ ಒಂದು ಸಾಲು ಹಾಕಿದರು: "ಅಪ್ಪಣೆ ಕೇಳುವ ಅಗತ್ಯವಿಲ್ಲ ಅಮ್ಮಾ. ಆದರೆ ಕರುವನ್ನು ಇರಲಿಬಿಡಿ." ನಾನು ಕರುವನ್ನು ಬಿಟ್ಟು ಉಳಿದದ್ದೆಲ್ಲ ತೆಗೆದೆ. ಮೊದಲು ತೆಗೆದದ್ದು ಕಾಲು ಇದ್ದ ರಂಗೋಲಿ. ಅದಕ್ಕೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ದಿಂಡಿನ ಫೋಟೋ ಹೋಯಿತು.

ಭಾನುವಾರ ನಾನು ಆಗತಾನೇ ಕಾಫಿಗೆ ನೀರಿಟ್ಟಿದ್ದೆ. ಹಿತ್ತಲ ಕಡೆ ಲಗೇಜು ಆಟೋ ಹಿಂದಕ್ಕೆ ಬರುವ ಸದ್ದು ಕೇಳಿಸಿತು. ರಾಜು ಒಳಗೂ ಬರದೆ ನೇರ ಬಾಳೆಯ ಹತ್ತಿರ ಹೋಗಿದ್ದ. ಅದೇ ಹೊತ್ತಿಗೆ ಫೋನು ಟಣ್ ಎಂದಿತು. ಹಸಿರುಟೋಪಿಯವರು.

"ಅಮ್ಮಾ, ದಿಂಡಿನೊಳಗೆ ಕೆಂಪು ಕಂದು ಬಣ್ಣದ ಎಳೆಗಳು ಉಂಗುರದ ಹಾಗೆ ಇವೆ. ಇದು ಸೊರಗು ರೋಗದಂತೆ ಕಾಣುತ್ತದೆ. ತೋಟಗಾರಿಕೆ ಇಲಾಖೆಯವರಿಗೂ ತೋರಿಸಿ. ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕಂದಿನ ಜೊತೆ, ಗುದ್ದಲಿಗೆ, ಕಾಲಿಗೆ ಅಂಟಿದ ಮಣ್ಣಿನ ಜೊತೆ ಬೇರೆ ತೋಟಕ್ಕೆ ಹೋಗುತ್ತದೆ. ಹೋದ ಕಡೆ ಮತ್ತೆ ಈ ಬಾಳೆ ಬರುವುದು ಕಷ್ಟ. ಒಂದು ಹಿಡಿ ಮಣ್ಣೂ ನಿಮ್ಮ ಹಿತ್ತಲು ದಾಟದಿರಲಿ."

ಚೇತೂ, ಆಮೇಲೆ ಇಲಾಖೆಯವರೂ ಬಂದು ಇದನ್ನೇ ಹೇಳಿದರು. ನಿಮ್ಮಪ್ಪ ಬುಡವನ್ನೆಲ್ಲ ಅಲ್ಲೇ ಕಡಿದು, ಅಲ್ಲೇ ಸುಟ್ಟು, ಸುಣ್ಣ ಹಾಕಿದ. ನೀನು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಆ ಬೆಳಿಗ್ಗೆ ಫೋನು ಕೈಯಲ್ಲಿ ಹಿಡಿದು ನಿಂತಾಗ ಹಿತ್ತಲಲ್ಲಿ ಗುದ್ದಲಿಯ ಏಟು ಬೀಳುವುದು ಕೇಳಿಸುತ್ತಿತ್ತು. ಓಡಿದೆ. ರಾಜು ಎರಡು ಕಂದು ಕಿತ್ತು ಗೋಣಿಚೀಲದ ಮೇಲೆ ಇಟ್ಟಿದ್ದ.

"ನಿಲ್ಸ್ಲಾ ರಾಜು!"

"ಯಾಕಕ್ಕಾ? ದೊಡ್ಡೆಲೆ ಒಣ್ಗಿದ್ರೇನು, ಕಂದು ಸೊಗ್ಸಾಗವೆ ಕಣಕ್ಕಾ. ಈ ಗೆಡ್ಡೆ ನೋಡು."

"ಕೊಡಾಕಿಲ್ಲ."

"ಏನು?"

"ಕಾಯ್ಲೆ ಅದೆ ಕಣ್ಲಾ. ಮಣ್ಗೂ ಅಂಟ್ಕಂಡದೆ. ನಿನ್ ಗದ್ದೆಗೋದ್ರೆ ಅಲ್ಲಿ ಬಾಳೆ ಆಗಾಕಿಲ್ವಂತೆ."

"ಯಾರಂದದ್ದು?"

"ಫೋನಲ್ಲಿ ಬರ್ದವ್ರೆ. ಹಸಿರುಟೋಪಿ ಅಂತ."

ರಾಜು ಗುದ್ದಲಿಯನ್ನು ನೆಲಕ್ಕೆ ಊರಿ ನನ್ನನ್ನೇ ನೋಡಿದ. "ಟೋಪಿ ಅಂತ ಅವ್ನೇ ಏಳ್ಕಂಡವ್ನೆ. ನೀನು ಆಕುಸ್ಕಂಡಿದ್ದೀಯ." ಒಂದು ಕ್ಷಣ ನಕ್ಕ. ನಾನು ನಗದಿದ್ದುದನ್ನು ನೋಡಿ ಅವನ ಮುಖ ಬದಲಾಯಿತು. "ಅಕ್ಕಾ, ಕೊಡಾಕೆ ಮನ್ಸಿಲ್ದಿದ್ರೆ ಇಲ್ಲ ಅನ್ನು. ನಡುವೆ ಯಾವನೋ ಟೋಪಿಯವ್ನ ಯಾಕ್ ಎಳ್ಕಂಬತ್ತೀಯ?"

ಈ ಮಾತು ಕೇಳಿ ನಾನು ಬೆಚ್ಚಿದೆ. ವರ್ಷವರ್ಷವೂ ಅಕ್ಕಿ ತಂದು ಇಳಿಸಿದ ತಮ್ಮ ನನ್ನ ಬಾಯಿಂದ ಕೇಳಿದ್ದು ಇದೇ ಮೊದಲ "ಇಲ್ಲ". ಇಷ್ಟು ವರ್ಷ ಯಾರಿಗೂ ಇಲ್ಲ ಎನ್ನದೆ ಬದುಕಿದವಳು ನಾನು.

"ಕೊಡಾಕೆ ಮನ್ಸದೆ," ಎಂದೆ. "ಕೊಡಾಕಿಲ್ಲ."

ಅವನು ಕಿತ್ತ ಕಂದುಗಳನ್ನು ಅಲ್ಲೇ ಎಸೆದ. ಗೋಣಿಚೀಲ ಕೊಡವಿ ಹೆಗಲ ಮೇಲೆ ಹಾಕಿಕೊಂಡ. ಗುದ್ದಲಿ ಎತ್ತಿಕೊಂಡು ಆಟೋ ಕಡೆ ನಡೆದ. ಅವನ ಚಪ್ಪಲಿಯ ಕೆಳಗೆ, ಹಿಮ್ಮಡಿಗೆ, ಗುದ್ದಲಿಯ ಬಾಯಿಗೆ, ಎಲ್ಲದಕ್ಕೂ ನಮ್ಮ ಹಿತ್ತಲಿನ ಕಪ್ಪು ಮಣ್ಣು ಮೆತ್ತಿಕೊಂಡಿತ್ತು. ನಾನು ಬಿಂದಿಗೆ ಎತ್ತಿಕೊಂಡು ಅವನ ಮುಂದೆ ಹೋಗಿ ನಿಂತೆ.

"ಆ ಚೀಲ ಇಲ್ಲೇ ಬುಡು. ಗುದ್ದಲಿ ಕೆಳಗಿಕ್ಕು. ಕಾಲು ಕೊಡು."

"ಏನಕ್ಕಾ ಇದು?"

ನಾನು ಕೂತು ಅವನ ಕಾಲು ಹಿಡಿದುಕೊಂಡೆ. ಒಂದು ಕೈಯಲ್ಲಿ ನೀರು ಹುಯ್ದು ಇನ್ನೊಂದರಲ್ಲಿ ಉಜ್ಜತೊಡಗಿದೆ. ಚಿಕ್ಕವನಿದ್ದಾಗ ಕೆಸರುಗದ್ದೆಯಿಂದ ಬಂದವನ ಕಾಲನ್ನು ಹೀಗೇ ತೊಳೆದಿದ್ದೇನೆ. ಆದರೆ ಈಗ ಅವನು ಮೊಮ್ಮಕ್ಕಳಿರುವ ಗಂಡಸು, ಪಕ್ಕದ ಮನೆಯವರು ಮಹಡಿಯಿಂದ ನೋಡುತ್ತಿದ್ದಾರೆ. ನನಗೇ ನಾನು ಏನು ಮಾಡುತ್ತಿದ್ದೇನೆ ಎಂದು ದಿಗಿಲಾಯಿತು. ಕೈ ಮಾತ್ರ ನಿಲ್ಲಲಿಲ್ಲ.

ರಾಜು ಕಾಲನ್ನು ಬಿಡಿಸಿಕೊಂಡು ಹಿಂದಕ್ಕೆ ಹೋದ. "ಬುಡಕ್ಕಾ, ಬುಡು. ದೊಡ್ಡೋಳು ನೀನು, ನನ್ ಕಾಲ್ ಯಾಕ್ ಮುಟ್ತೀಯ?" ನನ್ನ ಮುಖ ಬಗ್ಗಿ ನೋಡಿದ. ಆಮೇಲೆ ಬಿಂದಿಗೆಯನ್ನು ನನ್ನ ಕೈಯಿಂದ ಇಸಿದುಕೊಂಡ. ಕಾಲು ತಾನೇ ತೊಳೆದ. ಚಪ್ಪಲಿ ತಿರುಗಿಸಿ ತೊಳೆದ. ಗುದ್ದಲಿಯ ಬಾಯಿಯನ್ನು ಕಲ್ಲಿನಿಂದ ಉಜ್ಜಿ ತೊಳೆದ. ಗೋಣಿಚೀಲವನ್ನು ತಾನೇ ಬಾಳೆಬುಡದ ಮೇಲೆ ಎಸೆದು ಬಂದ. ಕೊಳೆ ನೀರೆಲ್ಲ ವಾಪಸು ಹಿತ್ತಲಿಗೇ ಹೋಗುವ ಹಾಗೆ ನಾನು ಕಾಲಿನಿಂದ ಮಣ್ಣು ಕಟ್ಟಿ ತಿರುಗಿಸುತ್ತಿದ್ದೆ.

ಆಟೋ ಹತ್ತಲು ಹೋದವನು ನಿಂತ. ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಕೆದಕಿದ. ಟೈರಿನ ಸಂದಿಯಿಂದ ಒಂದು ಹೆಂಟೆ ಮಣ್ಣು ಬಿತ್ತು.

"ಅಕ್ಕಾ," ಎಂದ, ನನ್ನ ಕಡೆ ತಿರುಗದೆ. "ಗಾಲೀಗೂ ಅಂಟ್ಕತದಾ? ಆ ಟೋಪಿಯೋರ್ನ ಕೇಳು."

ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಗಾಲಿಯ ಫೋಟೋ ತೆಗೆದೆ. ಕ್ಲಿಪ್ಪು ಒತ್ತಿದೆ. "ಇದಕ್ಕೂ?" ಎಂದಷ್ಟೇ ಬರೆದೆ. ಅಕ್ಕತಮ್ಮ ಇಬ್ಬರೂ ಫೋನಿನ ಮೇಲೆ ತಲೆ ಬಗ್ಗಿಸಿ ನಿಂತೆವು. ಒಲೆಯ ಮೇಲಿನ ಕಾಫಿನೀರು ಬತ್ತಿ ಪಾತ್ರೆಯ ತಳ ಸೀದ ವಾಸನೆ ಬರುತ್ತಿತ್ತು, ಇಬ್ಬರೂ ಅಲ್ಲಾಡಲಿಲ್ಲ.

ಫೋನು ಟಣ್ ಎಂದಿತು.

"ಏನಂದ್ರು?"

"ಇದ್ಕೂ ಅಂದವ್ರೆ."

ರಾಜು ಲುಂಗಿಯನ್ನು ಮೇಲೆತ್ತಿ ಕಟ್ಟಿದ. "ಇನ್ನೊಂದ್ ಬಿಂದ್ಗೆ ತಾ," ಎಂದ.